ಮರಿಲಿಂಗ ಹೊಸ ಬೀಗ ಹಾಕಿದ್ದು

ಕೇಳ್ರಪ್ಪ, ಚೌಡಮ್ಮನಿಗೆ ಒಬ್ಬ ಮಗ, ಮರಿಲಿಂಗ ಅಂತ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಆ ತಾಯಿಯ ಕರ್ಮ!

ಚೌಡಮ್ಮ ಕಾಮಾಲೆಗೆ ಬೇರಿನ ಮದ್ದು ಕೊಡ್ತಿದ್ಲು. ಮನೆ ನಡೀತಿದ್ದದ್ದೇ ಅದರಿಂದ. ಯಾವ ಬೇರು ಅನ್ನೋ ಗುಟ್ಟು ಹೊರಗಿನವರಿಗೆ ಗೊತ್ತಾದ್ರೆ ಮದ್ದು ನಾಟಲ್ಲ ಅಂತ ಹಿರೀಕರು ಹೇಳಿದ್ರು. ಪಕ್ಕದ ಬೀದಿ ಪಂಡಿತ ಚಿಕ್ಕೀರಯ್ಯ ಆ ಗುಟ್ಟಿಗೇ ಹೊಂಚು ಹಾಕ್ತಿದ್ದ, ಕಳ್ಳ!

ಗಂಡನ ಮನೇಲಿರೋ ಮಗಳು ಸಾಕಮ್ಮನಿಗೆ ಗುಟ್ಟು ದಾಟಿಸಬೇಕು. ಚೌಡಮ್ಮನಿಗೋ ಮಂಡಿನೋವು.

"ಅಕ್ಕನಿಗೆ ಹೇಳಿ ಬಾರೋ. ಯಾರ ಮುಂದೇನೂ ಬಾಯಿ ಬಿಡಬೇಡ!"

ಹೋದ. ಅಕ್ಕ ಮಾತಾಡಿಸಿದ್ಲು, ಬಾಯಿ ಬಿಡಲಿಲ್ಲ. ಮುದ್ದೆ ಬಡಿಸಿದ್ಲು, ಬಾಯಿ ಬಿಡಲಿಲ್ಲ. ಹಸ್ಕೊಂಡೇ ವಾಪಸ್ ಬಂದ.

"ಅಯ್ಯೋ ಪೆದ್ದುಮುಂಡೇದೇ! ಹೋಗ್ಲಿ, ಫೋನಲ್ಲಿ ಬರೆದು ಪಾಸ್‌ವರ್ಡ್ ಬೀಗ ಹಾಕಿ ಕಳಿಸು. ಬೀಗ ಬಿದ್ದ ಮೇಲೆ ಯಾರ ಕೈಗೆ ಸಿಕ್ರೂ ಭಯವಿಲ್ಲ!"

ಬರೆದ. ಬೀಗ ಹಾಕ್ದ. ಅಕ್ಕನಿಗೆ ಕಳಿಸ್ದ. ಊರಿಗೆಲ್ಲ ಕಳಿಸ್ದ. ಪಂಡಿತನಿಗೂ ಕಳಿಸ್ದ!

"ಭಯವಿಲ್ಲ ಅಂದ್ಯಲ್ಲವ್ವಾ?"

ಚೌಡಮ್ಮ ಹಣೆ ಚಚ್ಚಿಕೊಂಡು ಫೋನ್ ಅಂಗಡಿ ಜಯಶೀಲಳ ಹತ್ರ ಕುಂಟ್ಕೊಂಡು ಹೋದ್ಲು.

"ಬೀಗ ಇದೆಯಲ್ಲಮ್ಮ, ಏನೂ ಆಗಲ್ವಾ?"

"ಇವತ್ತಿಗೆ ಆಗಲ್ಲ ಚೌಡಮ್ಮತ್ತೆ. ಈ ಬೀಗ ಒಂದು ಲೆಕ್ಕ. ಎರಡು ದೊಡ್ಡ ಸಂಖ್ಯೆ ಗುಣಿಸೋದು ಸುಲಭ. ಯಾವೆರಡು ಗುಣಿಸಿದ್ರು ಅಂತ ಬಿಡಿಸೋಕೆ ಈಗಿನ ಕಂಪ್ಯೂಟರಿಗೆ ಜನ್ಮ ಸಾಲಲ್ಲ. ಆದ್ರೆ ಕ್ವಾಂಟಂ ಕಂಪ್ಯೂಟರ್ ಅಂತ ತಯಾರಾಗ್ತಿದೆ. ಅದು ದೊಡ್ಡದಾಗಿ ಬಂತೋ, ಈ ಲೆಕ್ಕ ಬಿಡಿಸಿಬಿಡತ್ತೆ. ಪಂಡಿತ ಈಗ ಎತ್ತಿಟ್ಕೊಂಡು ಆಮೇಲೆ ತೆಗೀತಾನೆ!"

"ಅಯ್ಯಯ್ಯೋ! ಏನಮ್ಮ ಮಾಡೋದು?"

"ಹೋಗಿದ್ದು ಹೋಯ್ತು. ಇನ್ಮುಂದೆ ಅದಕ್ಕೂ ಬಿಡಿಸೋಕಾಗದ ಬೇರೆ ಲೆಕ್ಕದ ಬೀಗ ಹಾಕಿ. ಯಂತ್ರ ಬರಲಿ ಅಂತ ಕಾಯಬೇಡಿ, ಈಗಲೇ ಹಾಕಿ" ಅಂತ ಹೊಸ ಬೀಗ ಕೊಟ್ಲು.

ಚೌಡಮ್ಮ ಮನೆಗೆ ಬಂದೋಳೇ ಗಾಬರೀಲಿ ಕೂಗಿದ್ಲು: "ಮರಿಲಿಂಗ! ಹಳೇ ಬೀಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆದು ಹೊಸ ಬೀಗ ಹಾಕೋ! ಓಡು!"

ನಗಬೇಡ್ರಪ್ಪ, ಆ ತಾಯಿ ಸಂಕಟ ನಿಮಗೇನು ಗೊತ್ತು? ಮರಿಲಿಂಗ ನೆಟ್ಟಗೆ ಪಂಡಿತನ ಮನೆಗೇ ಓಡಿದ. ವಾಪಸ್ ಬರೋವಾಗ ಮುಖ ಇಷ್ಟಗಲ.

"ಹಾಕಿದ್ಯೇನೋ?"

"ಹೂಂ ಕಣವ್ವ! ಪಂಡಿತ್ರ ಫೋನಲ್ಲಿ ಪಾಸ್‌ವರ್ಡ್ ಒತ್ತಿ ಹಳೇ ಬೀಗ ತೆಗೆದೆ. 'ಸ್ವಲ್ಪ ತಾಳಪ್ಪ, ಓದ್ಕೋತೀನಿ' ಅಂದ್ರು. ಪಾಪ, ಕಣ್ಣು ಕಾಣಲ್ಲ, ಕನ್ನಡಕ ಹುಡುಕಿ ಕೊಟ್ಟೆ. ಅವ್ರು ಓದಾದ್ಮೇಲೆ ಹೊಸ ಬೀಗ ಜಡಿದೆ ನೋಡು! ಇನ್ನು ಆ ಕ್ವಾಂಟಂ ಬರಲಿ, ಅದರಪ್ಪ ಬರಲಿ, ಒಂದಕ್ಷರ ತೆಗೆಯೋಕಾಗಲ್ಲ!"