ಪಕ್ಕದಲ್ಲಿ ಕುಳಿತವಳು

"ಅಮ್ಮಾ, ನಾನು ಹೆತ್ತವಳಲ್ಲ, ಗರ್ಭ ತೆಗೆಸಿಕೊಂಡವಳೂ ಅಲ್ಲ. ನನಗೆ ಆಗದ ನೋವನ್ನು ನಾನು ಹೇಗೆ ಅರಿಯಲಿ? ಅರಿಯದೆ ಅವರ ಪಕ್ಕದಲ್ಲಿ ಹೇಗೆ ಕೂರಲಿ?"

ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ದಾದಿಯಾಗಿ ಹೊರಟಿದ್ದ ಶಿಷ್ಯೆ ಹೀಗೆ ಕೇಳಿದಳು. ಗುರುಗಳು ಅವಳನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಹಳ್ಳಿಗಳು ದೂರ ದೂರ ಇದ್ದವು. ವೈದ್ಯರು ಇನ್ನೂ ದೂರ ಇದ್ದರು. ಆದುದರಿಂದ, ಮೊದಲ ವಾರಗಳಲ್ಲೇ ಈ ಬಸಿರು ಬೇಡವೆಂದು ಬರುವ ಹೆಂಗಸರನ್ನು ತರಬೇತಿ ಪಡೆದ ದಾದಿಯೇ ಪರೀಕ್ಷಿಸಿ ಮಾತ್ರೆ ಕೊಡಬಹುದೆಂದು ಅಲ್ಲಿ ಕಾನೂನು ಮಾಡಿದರು. ಅಂಥ ಒಬ್ಬ ದಾದಿಯ ಬಳಿಗೆ ನೇಕಾರರ ಮನೆಯ ಹೆಂಗಸೊಬ್ಬಳು ಬಂದಳು. ಕಂಕುಳಲ್ಲಿ ಹಾಲು ಕುಡಿಯುವ ಕೂಸಿತ್ತು. ಆ ಕೂಸಿನ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ಈಗ ಮತ್ತೆ ಮುಟ್ಟು ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು, ಬೇಡವೆಂದು ತೀರ್ಮಾನಿಸಿದ್ದರು.

ದಾದಿ ಅವಳನ್ನು ಪರೀಕ್ಷಿಸಿ ಮೊದಲ ಮಾತ್ರೆಯನ್ನು ಅಲ್ಲೇ ಕೊಟ್ಟಳು. ಉಳಿದವನ್ನು ಮನೆಯಲ್ಲಿ ಯಾವಾಗ ತೆಗೆದುಕೊಳ್ಳಬೇಕು, ನೋವು ಹೇಗೆ ಬರುತ್ತದೆ, ರಕ್ತ ಎಷ್ಟು ಹೋದರೆ ಹೆದರಬೇಕಿಲ್ಲ, ಎಷ್ಟಾದರೆ ಕೂಡಲೇ ಬರಬೇಕು ಎಂದು ತಿಳಿಸಿ, ಅವಳ ಬಾಯಿಂದಲೂ ಒಮ್ಮೆ ಹೇಳಿಸಿದಳು. ಕೊನೆಗೆ, ಆ ದಿನ ನಿನ್ನ ಜೊತೆ ಯಾರಿರುತ್ತಾರೆ ತಂಗಿ ಎಂದು ಕೇಳಿದಳು.

ಹೆಂಗಸು ತಲೆ ತಗ್ಗಿಸಿದಳು. ಗಂಡ ಸೀರೆಗಳ ಗಂಟು ಹೊತ್ತು ಪರವೂರಿಗೆ ಹೋಗಿಯಾಗಿತ್ತು. ತಾಯಿ ಇರಲಿಲ್ಲ. ಗೋಡೆಯಾಚೆ ಇದ್ದವಳು ಗಂಡನ ಅಣ್ಣನ ಹೆಂಡತಿ, ಅವಳ ವಾರಗಿತ್ತಿ. ಆಕೆಗೆ ಮಕ್ಕಳಾಗಿರಲಿಲ್ಲ. ಈ ಕೂಸಿನ ತೊಟ್ಟಿಲ ಶಾಸ್ತ್ರದ ದಿನ ನೆಂಟರು ಆಕೆಯನ್ನು ತೊಟ್ಟಿಲು ಮುಟ್ಟಗೊಡಲಿಲ್ಲ. ಕಿರಿಯವಳಾದ ಈ ಹೆಂಗಸು ನೋಡಿಯೂ ಸುಮ್ಮನಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಮಗುವಿಗಾಗಿ ಹರಕೆ ಹೊತ್ತವಳ ಮುಂದೆ ಇದನ್ನು ಹೇಗೆ ಹೇಳಲಿ ಎಂದು ಹೆಂಗಸು ಅತ್ತಳು.

ದಾದಿ ಒತ್ತಾಯಿಸಲಿಲ್ಲ. ಹೇಳುವುದೂ ಬಿಡುವುದೂ ನಿನ್ನಿಷ್ಟ, ನನ್ನಿಂದ ಈ ವಿಷಯ ಯಾರ ಕಿವಿಗೂ ಬೀಳುವುದಿಲ್ಲ, ಯಾರೂ ಸಿಗದಿದ್ದರೆ ಇಲ್ಲಿಗೇ ಬಾ, ನಾನಿರುತ್ತೇನೆ ಎಂದಳು.

ಅಷ್ಟು ಕೇಳಿದ ಮೇಲೆ ಹೆಂಗಸಿಗೆ ಧೈರ್ಯ ಬಂತು. ಊರಿಗೆ ಮರಳಿದವಳು ನೇರವಾಗಿ ವಾರಗಿತ್ತಿಯ ಮನೆಗೆ ಹೋದಳು. ಮೊದಲು ತೊಟ್ಟಿಲ ದಿನದ ತಪ್ಪನ್ನು ಒಪ್ಪಿಕೊಂಡಳು. ಆಮೇಲೆ ಬಸಿರಿನ ಸಂಗತಿ ಹೇಳಿ, ಮಾತ್ರೆಯ ದಿನ ಜೊತೆಗಿರುತ್ತೀಯಾ ಎಂದು ಕೇಳಿದಳು. ಹಿರಿಯವಳು ಎಲ್ಲವನ್ನೂ ಕೇಳಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ದಾದಿಯೇ ಗತಿ ಎಂದುಕೊಂಡು, ಮಾತ್ರೆಯ ದಿನ ಬೆಳಿಗ್ಗೆ ಕಿರಿಯವಳು ಕೂಸನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರಟಳು. ಬಾಗಿಲು ತೆಗೆದರೆ ಹಿರಿಯವಳು ನಿಂತಿದ್ದಳು. ಕೈಯಲ್ಲಿ ಗಂಜಿಯ ಪಾತ್ರೆ, ಹೆಗಲ ಮೇಲೆ ಒಗೆದು ಮಡಿಸಿದ ಹಳೆಯ ಹತ್ತಿ ಸೀರೆ. ಕಣ್ಣುಗಳು ಊದಿಕೊಂಡಿದ್ದವು.

"ಅಕ್ಕಾ, ಇದನ್ನು ನಿನ್ನ ಹತ್ತಿರ ಕೇಳಬಾರದಿತ್ತು," ಎಂದಳು ಕಿರಿಯವಳು.

"ಮಗು ಬೇಕೆಂದು ನಾನು ಅಳುತ್ತಿದ್ದಾಗ ಊರೆಲ್ಲ ನನಗೆ ಬುದ್ಧಿ ಹೇಳಿತು. ಅದರಿಂದ ನನ್ನ ಅಳು ನಿಲ್ಲಲಿಲ್ಲ. ನಾನು ನಿನಗೆ ಬುದ್ಧಿ ಹೇಳುವುದಕ್ಕೆ ಬಂದಿಲ್ಲ. ಕೂಸನ್ನು ಇತ್ತ ಕೊಡು, ನೀನು ಒಳಗೆ ನಡೆ."

ಆ ದಿನವೆಲ್ಲ ಆಕೆ ಅಲ್ಲೇ ಇದ್ದಳು. ನೋವು ಬಂದಾಗ ಬೆನ್ನು ನೀವಿದಳು. ಹೊಟ್ಟೆಗೆ ಶಾಖ ಕೊಟ್ಟಳು. ದಾದಿ ಹೇಳಿದ್ದನ್ನೆಲ್ಲ ಕಿರಿಯವಳಿಂದ ಕೇಳಿ ತಿಳಿದು, ರಕ್ತ ಎಷ್ಟು ಹೋಗುತ್ತಿದೆ ಎಂದು ನೋಡಿಕೊಂಡಳು. ಕೂಸು ಅತ್ತರೆ ಎತ್ತಿಕೊಂಡು ಅಂಗಳದಲ್ಲಿ ತಿರುಗಿದಳು. ಒಂದೆರಡು ಸಲ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಸಂಜೆಯ ಹೊತ್ತಿಗೆ ನೋವು ಇಳಿಯಿತು. ಕಿರಿಯವಳು ಗಂಜಿ ಕುಡಿದು ನಿದ್ದೆ ಹೋದಳು.

ಮರುಪರೀಕ್ಷೆಗೆ ಇಬ್ಬರೂ ಕೂಡಿ ಬಂದರು. ದಾದಿ ನೋಡಿ, ಎಲ್ಲ ಸರಿಯಾಗಿದೆ ಎಂದಳು. ಮುಂದೆ ಬಸಿರಾಗದಿರಲು ಏನು ಮಾಡಬೇಕೆಂದು ಕಿರಿಯವಳು ಕೇಳಿ ತಿಳಿದುಕೊಳ್ಳುವಾಗ, ಕೂಸು ದೊಡ್ಡಮ್ಮನ ಮೂಗುತಿ ಹಿಡಿದು ಎಳೆಯುತ್ತಿತ್ತು.

ಕತೆ ಮುಗಿದಾಗ ಶಿಷ್ಯೆ ಕೇಳಿದಳು: "ಆ ದಿನ ಅಲ್ಲಿ ಕೂರಲು ಹಿರಿಯವಳಿಗೆ ನೋವಾಗಲಿಲ್ಲವೇ ಅಮ್ಮಾ?"

ಗುರುಗಳು ಅವಳ ತಲೆ ನೇವರಿಸಿ ಹೇಳಿದರು: "ನೋವಾಯಿತು ಮಗಳೇ. ಮಲಗಿದ್ದವಳ ನೋವೂ ಆಕೆ ಉಂಡದ್ದಲ್ಲ. ಆದರೆ ಆ ದಿನ ಆರೈಕೆ ಬೇಕಾಗಿ ಮಲಗಿದ್ದವಳು ತಾನಲ್ಲ ಎಂಬುದನ್ನು ಆಕೆ ಮರೆಯಲಿಲ್ಲ."