ಚೆನ್ನಬಸಪ್ಪ ಅಳಿಸಿದ ಕೆಂಪು ಕಲೆ

ಚೆನ್ನಬಸಪ್ಪನಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಅವನ ಕೈಗೆ ಸಿಕ್ಕ ಮುಖದಲ್ಲಿ ಮೊಡವೆ ಉಳಿದದ್ದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಎಲ್ಲವನ್ನೂ ನಯವಾಗಿ ಅಳಿಸಿಬಿಡುತ್ತಿದ್ದ. "ನನ್ನ ಸ್ಟುಡಿಯೋಗೆ ಬಂದೋರು ಯಾರೂ ಕುರೂಪಿಗಳಲ್ಲ ಕಣ್ರೀ" ಎಂದು ನಗುತ್ತಿದ್ದ. ಒಳ್ಳೆಯ ಮನುಷ್ಯ, ಮಕ್ಕಳೇ. ಯಾರ ಮನಸ್ಸನ್ನೂ ನೋಯಿಸಲಾರ. ಆ ಗುಣವೇ ಒಮ್ಮೆ ಅವನನ್ನು ಪೇಚಿಗೆ ಸಿಕ್ಕಿಸಿತು.

ಹೆಂಡತಿ ಗೌರಮ್ಮ ತೀರಿಕೊಂಡ ಮೇಲೆ ಅವಳ ನೆನಪಿಗೆಂದು ಬೀದಿಯಲ್ಲಿ ಬೋರ್‌ವೆಲ್ ಕೊರೆಸಿ, ನಲ್ಲಿ ಹಾಕಿಸಿ, ಅವಳ ಹೆಸರು ಬರೆಸಿದ್ದ. ಬೀದಿಗೆಲ್ಲ ಅದೇ ಕುಡಿಯುವ ನೀರು. ಯಾರಾದರೂ ಅಲ್ಲಿ ಕೊಡ ತುಂಬುವುದನ್ನು ಕಂಡರೆ ಗೌರಮ್ಮನೇ ನಿಂತು ನೀರು ಕೊಡುತ್ತಿದ್ದಾಳೆ ಅನಿಸುತ್ತಿತ್ತು ಅವನಿಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ದಾಕ್ಷಾಯಿಣಿಯೂ ಅದೇ ನೀರು ಕುಡಿಯುತ್ತಿದ್ದಳು.

ಒಂದು ದಿನ ಶಾಲೆಯ ರೆಹಾನಾ ಟೀಚರ್ ಬಂದರು. ನೀರಿನಲ್ಲಿ ಸೀಸ ಇದೆಯೇ ಎಂದು ಊರಿನ ನಲ್ಲಿಗಳನ್ನೆಲ್ಲ ಪರೀಕ್ಷಿಸುತ್ತಿದ್ದರು. ದೊಡ್ಡ ಯಂತ್ರವೇನೂ ಬೇಡ. ಮದ್ದು ಸವರಿದ ಒಂದು ತುಂಡು ಕಾಗದದ ಮೇಲೆ ನೀರಿನ ಹನಿ ಹಾಕಬೇಕು. ಒಣಗಿದ ಮೇಲೆ ಫೋಟೋ ತೆಗೆದು ಕಳಿಸಿದರೆ ಟೀಚರ್ ಅವರ ಮೊಬೈಲು ಬಣ್ಣ ನೋಡಿ ನೀರು ಹೇಗಿದೆ ಎಂದು ಹೇಳುತ್ತಿತ್ತು.

"ನಿಮ್ಮಷ್ಟು ಚೆನ್ನಾಗಿ ಫೋಟೋ ತೆಗೆಯೋರು ಯಾರಿದ್ದಾರೆ ಚೆನ್ನಬಸಪ್ಪಣ್ಣ? ನಿಮ್ಮ ನಲ್ಲಿದು ನೀವೇ ತೆಗೆದು ಕಳಿಸಿಬಿಡಿ" ಎಂದು ಕಾಗದ ಕೊಟ್ಟು ಹೋದರು.

ಹನಿ ಒಣಗಿತು. ನಡುವೆ ಕೆಂಪು ಕಲೆ ಎದ್ದಿತು. ಕೆಂಪಾದರೆ ಏನರ್ಥ ಎಂದು ಟೀಚರ್ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಚೆನ್ನಬಸಪ್ಪ ಫೋಟೋ ತೆಗೆದು ನೋಡಿದ. ಅಯ್ಯೋ ಶಿವನೇ, ಇಂಥ ಗಲೀಜು ಫೋಟೋ ನನ್ನ ಸ್ಟುಡಿಯೋದಿಂದ ಹೋಗುವುದೇ? ಅದೂ ಗೌರಮ್ಮನ ನಲ್ಲಿಯದು! ಕೈ ಸುಮ್ಮನಿರಬೇಕಲ್ಲ? ಮೊಡವೆ ಅಳಿಸಿದ ಹಾಗೆ ಕಲೆಯನ್ನೂ ಅಳಿಸಿ ಕಳಿಸಿಬಿಟ್ಟ.

ಸಂಜೆ ಟೀಚರ್ ಫೋನ್ ಮಾಡಿದರು. "ಒಳ್ಳೇ ಸುದ್ದಿ ಅಣ್ಣಾ! ನಿಮ್ಮ ನೀರಲ್ಲಿ ಸೀಸ ಇಲ್ಲ. ಇದ್ದಿದ್ರೆ ಕಾಗದ ಕೆಂಪಗಾಗ್ತಿತ್ತು. ಆ ವಿಷ ಹೊಟ್ಟೇಲಿರೋ ಮಗೂನೂ ಬಿಡಲ್ಲ. ದಾಕ್ಷಾಯಿಣಿ ಬಂದಿದ್ದಾಳಲ್ಲ, ನಂಗೆ ಅದೇ ಭಯ ಇತ್ತು."

ಚೆನ್ನಬಸಪ್ಪ ತಟ್ಟನೆ ಮೇಜಿನ ಕಡೆ ತಿರುಗಿದ. ಕಾಗದ ಇನ್ನೂ ಅಲ್ಲೇ ಇತ್ತು. ಕಲೆ ಕೆಂಪಗೇ ಇತ್ತು. ನಿಜ ಹೇಳಿದರೆ ಹೆಂಡತಿಯ ಹೆಸರಿನ ನಲ್ಲಿಯನ್ನು ಮುಚ್ಚಬೇಕು. ಬೀದಿಯವರು ಏನೆಂದುಕೊಂಡಾರು?  "ಸರಿ ಟೀಚರ್" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಗಳು ಲೋಟಕ್ಕೆ ನೀರು ಬಗ್ಗಿಸಿಕೊಳ್ಳುವ ಸದ್ದು ಕೇಳಿತು.

"ಕುಡೀಬೇಡ ಕಣವ್ವಾ!" ಓಡಿಹೋಗಿ ಲೋಟ ಕಿತ್ತುಕೊಂಡ. ನಿಂತಲ್ಲೇ ಅತ್ತುಬಿಟ್ಟ. ಫೋಟೋ ತಿದ್ದಿದ್ದನ್ನೆಲ್ಲ ಹೇಳಿದ. "ನಿಮ್ಮಮ್ಮನ ಹೆಸರು ಕೆಡುತ್ತೆ ಅಂತ ಟೀಚರ್ ಹತ್ರ ಬಾಯಿ ಬಿಡಲಿಲ್ಲವಲ್ಲೇ ನಾನು" ಎಂದು ಬಿಕ್ಕಿದ.

ದಾಕ್ಷಾಯಿಣಿ ಸೆರಗಿನಿಂದ ಅಪ್ಪನ ಕಣ್ಣೊರೆಸಿದಳು. "ಅಮ್ಮ ಇದ್ದಿದ್ರೆ ಈಗ್ಲೇ ಹೋಗಿ ತಾನೇ ನಲ್ಲಿ ಮುಚ್ಚಿಸ್ತಿದ್ಲು ಕಣಪ್ಪಾ. ನಡಿ, ಟೀಚರ್‌ಗೆ ಹೇಳೋಣ."

ಚೆನ್ನಬಸಪ್ಪ ಟೀಚರ್‌ಗೆ ಫೋನ್ ಮಾಡಿ ನಿಜ ಹೇಳಿ, ತಿದ್ದದ ಫೋಟೋವನ್ನು ಇದ್ದ ಹಾಗೇ ಕಳಿಸಿದ. ಆಮೇಲೆ ಮನೆಮನೆಗೂ ಹೋಗಿ, ಆ ನಲ್ಲಿಯನ್ನು ಮುಚ್ಚಿಸುತ್ತೇನೆ, ಅದರ ನೀರು ಕುಡಿಯಬೇಡಿ ಎಂದು ತನ್ನ ಬಾಯಿಂದಲೇ ಹೇಳಿದ. ವಾಪಸ್ಸು ಬರುವಾಗ ನಲ್ಲಿಯ ಬಳಿ ಅದೇ ಬೀದಿಯ ಕೆಂಚಮ್ಮಜ್ಜಿ ಕೊಡ ಹಿಡಿದು ನಿಂತಿದ್ದಳು.

"ಅಲ್ಲಪ್ಪಾ, ಗೌರಮ್ಮನ ನಲ್ಲಿ ಕಣೋ ಇದು. ನೀನೇ ಮುಚ್ಚಿಸ್ತೀಯಾ?"

"ಅವಳ ಹೆಸರಲ್ಲಿ ಯಾರೂ ವಿಷ ಕುಡೀಬಾರದು ಅಜ್ಜಿ" ಎಂದ ಚೆನ್ನಬಸಪ್ಪ. ಅಜ್ಜಿಯ ಕೊಡವನ್ನು ತಾನೇ ಹೆಗಲಿಗೇರಿಸಿಕೊಂಡು, ಟೀಚರ್ ಒಳ್ಳೆಯದೆಂದು ಹೇಳಿದ್ದ ಪಕ್ಕದ ಬೀದಿಯ ನಲ್ಲಿಗೆ ನಡೆದ.

ನೀತಿ: ನಮ್ಮದೆಂಬ ಮಮತೆಯಿಂದ ದೋಷವನ್ನು ಅಳಿಸಿ ತೋರಿಸಿದರೆ, ಅದರ ನೋವು ನಮ್ಮವರಿಗೇ ತಟ್ಟುತ್ತದೆ. ನಿಜವಾಗಿ ಪ್ರೀತಿಸುವವರು ಇದ್ದದ್ದನ್ನು ಇದ್ದ ಹಾಗೆ ನೋಡುವ, ಹೇಳುವ ಧೈರ್ಯ ಮಾಡಬೇಕು.