ಹೊಸ ಕೊಳವೆಯ ಲಾರಿ

ಚನ್ನವೀರನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಮಠದ ಶಾಲೆಯ ಹೊಣೆಯನ್ನು ನನಗೆ ವಹಿಸಿದಿರಿ. ಮೊದಲು ಒಂದು ಕೆಲಸ ಹಿಡಿದರೆ ತಲೆಗೊಂದು ಮಾತು ಬರುತ್ತಿತ್ತು. ಈಗ ಎಲ್ಲರೂ ಸುಮ್ಮನಿದ್ದಾರೆ, ಕೆಲಸ ಸರಸರನೆ ಸಾಗುತ್ತಿದೆ. ನಾನು ಸರಿದಾರಿಯಲ್ಲಿದ್ದೇನೆ ಅಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಕಲ್ಲುಕ್ವಾರಿಯ ಮಣ್ಣನ್ನು ದಿಬ್ಬದ ಮೇಲಕ್ಕೆ ಒಯ್ದು, ಅಂಚಿನಿಂದ ಕೆಳಗೆ ಸುರಿಯುವುದು ಅವನ ಕೆಲಸ. ಅವನಿಗೆ ಲಾರಿ ಕಲಿಸಿದವನು ಅವನ ಅಣ್ಣ. ಮಂಡಿನೋವು ಬಂದು ಕ್ಲಚ್ ಒತ್ತಲಾಗದಾದಾಗ ಅಣ್ಣ ಸ್ಟೇರಿಂಗನ್ನು ತಮ್ಮನಿಗೆ ಬಿಟ್ಟುಕೊಟ್ಟ. ಆಮೇಲೆ ತಮ್ಮ ಲಾರಿಯನ್ನು ಹಿಂದಕ್ಕೆ ತೆಗೆಯುವಾಗಲೆಲ್ಲ ಅಣ್ಣ ಹಿಂದೆ ನಿಂತು "ಬರಲಿ, ಬರಲಿ" ಎಂದು ಕೂಗುತ್ತಿದ್ದ. ಅಂಚು ಬಂದಾಗ "ಸಾಕು" ಎನ್ನುತ್ತಿದ್ದ. ಚಾಲಕ ಬ್ರೇಕ್ ಒತ್ತುತ್ತಿದ್ದ.

ಆ ಲಾರಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಉಳಿದ ಲಾರಿಗಳು ಅದನ್ನು ದಾಟಿ ಹೋಗುತ್ತಿದ್ದವು. ಚಾಲಕನಿಗೆ ಅದು ಅವಮಾನವೆನಿಸಿತು. ಪೇಟೆಯ ಮೆಕ್ಯಾನಿಕ್ ಒಂದು ಉಪಾಯ ಹೇಳಿದ. ಎಂಜಿನ್ನಿನ ಹೊಗೆಯೆಲ್ಲ ಒಂದೇ ಇಕ್ಕಟ್ಟಾದ ಕಬ್ಬಿಣದ ಬಾಯಿಯಿಂದ ಹೊರಬರುತ್ತಿದೆ; ಅದನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಪ್ರತ್ಯೇಕವಾದ ಉದ್ದನೆಯ ಕೊಳವೆಯಿರುವ ಹೆಡರ್ ಹಾಕಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಎಳೆಯುವ ಶಕ್ತಿ ಹೆಚ್ಚುತ್ತದೆ. ಸದ್ದು ಮಾತ್ರ ಜಾಸ್ತಿ. ಚಾಲಕ ಹಾಕಿಸಿದ.

ಮೆಕ್ಯಾನಿಕ್ ಹೇಳಿದ್ದು ಸುಳ್ಳಾಗಲಿಲ್ಲ. ಲಾರಿ ಗುಡುಗುತ್ತಾ ಏರು ಹತ್ತಿತು. ಉಳಿದವರು ದಾರಿ ಬಿಟ್ಟರು. ಚಾಲಕ ಹಿಗ್ಗಿದ.

ಮೊದಲ ದಿನವೇ ಅಣ್ಣ ಕೇಳಿದ: "ತಮ್ಮಾ, ನಾನು ಹಿಂದಿನಿಂದ ಕೂಗುವುದು ನಿನಗೆ ಕೇಳಿಸುತ್ತದೆಯೇ?"

"ಕನ್ನಡಿ ಇದೆಯಲ್ಲ ಅಣ್ಣ," ಎಂದ ಚಾಲಕ.

ಅಣ್ಣ ಮತ್ತೆ ಕೇಳಲಿಲ್ಲ. ಆದರೂ ಕುಂಟುತ್ತಾ ಹೋಗಿ ಲಾರಿಯ ಹಿಂದೆಯೇ ನಿಲ್ಲುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಕನ್ನಡಿಯಲ್ಲಿ ಧೂಳಲ್ಲದೆ ಏನೂ ಕಾಣಲಿಲ್ಲ. ಇನ್ನೂ ಜಾಗವಿದೆ ಎಂದುಕೊಂಡು ಚಾಲಕ ಲಾರಿಯನ್ನು ಹಿಂದಕ್ಕೆ ಬಿಟ್ಟ. ಹಿಂದಿನ ಗಾಲಿ ಯಾವುದಕ್ಕೋ ತಡೆದು ನಿಂತಿತು. ಇಳಿದು ಬಂದು ನೋಡಿದ. ಗಾಲಿಯ ಕೆಳಗೆ ಒಂದು ದಪ್ಪ ಕಲ್ಲಿತ್ತು. ಅದರಾಚೆ ಒಂದು ಮೊಳ ನೆಲ, ಆಮೇಲೆ ಪ್ರಪಾತ. ಕಲ್ಲನ್ನು ಒತ್ತಿಟ್ಟಿದ್ದ ಅಣ್ಣನ ಬಲಗೈ ಗಾಲಿಗೆ ಸಿಕ್ಕಿತ್ತು.

ಕೈ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅಣ್ಣನಿಗೆ ಎಚ್ಚರವಾದಾಗ ಚಾಲಕ ಮಂಚದ ಪಕ್ಕ ಕುಸಿದು ಕೂತು, "ಅಣ್ಣಾ, ಒಂದು ಸಲ ಕೂಗಬಾರದಿತ್ತೇ?" ಎಂದು ಅತ್ತ.

"ಕೂಗಿದೆನಲ್ಲಪ್ಪಾ," ಎಂದ ಅಣ್ಣ.

ಚಾಲಕ ಹೊಸ ಕೊಳವೆಗಳನ್ನು ಬಿಚ್ಚಿಸಿ ಹಳೆಯದನ್ನೇ ಹಾಕಿಸಿದ. ಲಾರಿ ಮತ್ತೆ ಏರಿನಲ್ಲಿ ತೆವಳಿತು. ಈಗ ಹಿಂದೆ ನಿಂತು ಕೂಗುವವನು ಬೇರೊಬ್ಬ. ಅವನ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಅಣ್ಣ ಮನೆಯಲ್ಲಿ ಕೂತು ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ಒಂದು ದಿನವೂ ತಮ್ಮನನ್ನು ದೂರಲಿಲ್ಲ. ಚಾಲಕನಿಗೆ ಸಹಿಸಲಾಗದಿದ್ದುದು ಅದೇ.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು.

"ಶಾಲೆಯಲ್ಲಿ ಎಲ್ಲರೂ ಸುಮ್ಮನಿದ್ದಾರೆ ಎಂದು ನಿನಗೆ ಯಾರು ಹೇಳಿದರು?"